ಎಷ್ಟನೇ ಸೂಲು?

ಹೋದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಮೊಬೈಲ್ ತಂದು ಮುಂದೆ ಹಿಡಿದ. ಒಂದು ಫೋಟೋ. ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಗುಲಾಬಿ ಟವೆಲ್ಲು, ಟವೆಲ್ಲಿನ ಮೇಲೆ ಅಂಗೈಯಷ್ಟು ಅಗಲದ ಪಗ್ ಮರಿ, ಕೊರಳಿಗೊಂದು ರಿಬ್ಬನ್. "ಗದಗ ಬೆಟಗೇರ್ಯಾಗ ಒಬ್ಬರ ಕಡೆ ಐತಂತ. ನೀ ನಾಯಿ ಸಾಕಿದಾವ. ಇವರು ಛಲೋ ಬ್ರೀಡರ್ ಹೌದೋ ಅಲ್ಲೋ ನೋಡಿ ಹೇಳಪಾ" ಅಂದ. ಫೋಟೋ ನೋಡಿ ನಾನೇನು ಹೇಳಲಿ? ಮರಿ ಚೆಂದ ಇದೆ. ಮರಿ ಅಂದಮೇಲೆ ಚೆಂದ ಇದ್ದೇ ಇರುತ್ತೆ ಅಲ್ವಾ? ಅದನ್ನು ನೋಡಿ ಮಾರುವವನ ಬಗ್ಗೆ ಏನೂ ಗೊತ್ತಾಗುವುದಿಲ್ಲ. "ತಾಯಿ ಫೋಟೋ ಐತೇನು?" ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. "ತಾಯೀದು ಯಾಕ? ನಾ ತಗೊಳ್ಳೋದು ಮರಿ" ಅಂದ.

ಅವತ್ತಿನಿಂದ ಆ ಮಾತು ತಲೆಯಲ್ಲಿ ಕೊರೆಯುತ್ತಿದೆ. ಆರು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡು ಒಂದು ಮರಿ ತಂದಿದ್ದೆ. ಅದು ನಮ್ಮ ಮನೆಯಲ್ಲಿ ಒಂಬತ್ತು ದಿನ ಬದುಕಿತು.

ಬೈಪಾಸಿನ ರಟ್ಟಿನ ಡಬ್ಬಿ

ಮಗಳಿಗೆ ಆಗ ಒಂಬತ್ತು ವರ್ಷ. ಎದುರು ಮನೆಯ ಡ್ಯಾಶೌಂಡ್ ಜೊತೆ ಆಡಿ ಆಡಿ ಅವಳಿಗೆ ಅಂಥದ್ದೇ ಬೇಕು ಅಂತ ಹಟ. ಉದ್ದ ಮೈ, ಗಿಡ್ಡ ಕಾಲು, ಜೋಲು ಕಿವಿ. ಹುಬ್ಬಳ್ಳಿ ನವನಗರದ ನಮ್ಮ ಮನೆ ಚಿಕ್ಕದು, ನಾಯಿಯೂ ಚಿಕ್ಕದೇ ಇರಲಿ ಅಂತ ನಾವೂ ಒಪ್ಪಿದೆವು. ಮೊಬೈಲಿನಲ್ಲಿ ಹುಡುಕಿದರೆ ಮಾರುವವರು ಬೇಕಾದಷ್ಟು. ಅದರಲ್ಲಿ ಒಬ್ಬ ಬೇಗ ಉತ್ತರ ಕೊಟ್ಟ, ಚೆನ್ನಾಗಿ ಮಾತಾಡಿದ. "ಎರಡು ತಿಂಗಳ ಮರಿ ಸರ್, ಪ್ಯೂರ್ ಬ್ರೀಡ್. ಎರಡು ಇಂಜೆಕ್ಷನ್ ಆಗ್ಯಾವ. ತಂದಿ ಚಾಂಪಿಯನ್." ಮನೆಗೆ ಬಂದು ನೋಡಬಹುದಾ ಅಂತ ಕೇಳಿದೆ. "ನೀವ್ಯಾಕ ತ್ರಾಸ ತಗೋತೀರಿ ಸರ್, ನಾನ ತಂದು ಕೊಡ್ತೀನಿ" ಅಂದ. ನನಗೆ ಆಗ ಅದು ಒಳ್ಳೆಯತನವಾಗಿ ಕಂಡಿತು. ಮನುಷ್ಯ ಛಲೋ ಇದ್ದಾನೆ ಅಂತ ಮನೆಯಲ್ಲಿ ಹೇಳಿದ್ದೂ ನೆನಪಿದೆ.

ಭಾನುವಾರ ಮುಂಜಾನೆ ಬೈಪಾಸ್ ಹತ್ತಿರದ ಒಂದು ಚಹಾದಂಗಡಿ ಮುಂದೆ ಬಂದ. ಬೈಕಿನ ಹಿಂದೆ ಬಿಸ್ಕಿಟಿನ ರಟ್ಟಿನ ಡಬ್ಬಿ ಕಟ್ಟಿದ್ದ, ಮೇಲೆ ನಾಲ್ಕು ತೂತು. ಡಬ್ಬಿ ತೆರೆದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಉಚ್ಚೆ, ಹುಳಿತ ಹಾಲು, ಅದರ ಮೇಲೆ ಯಾರೋ ಆಗಷ್ಟೇ ಬಡಿದ ಪೌಡರ್. ಒಳಗೆ ಕಂದು ಬಣ್ಣದ ಎರಡು ಮರಿ. ಒಂದು ಡಬ್ಬಿಯ ಗೋಡೆ ಕೆರೆದು ಮೇಲೆ ಹತ್ತಲು ನೋಡುತ್ತಿತ್ತು. ಇನ್ನೊಂದು ಮೂಲೆಗೆ ತಲೆ ಇಟ್ಟು ಸುಮ್ನೆ ಕೂತಿತ್ತು. "ಇದು ಶಾಣ್ಯಾ ಐತಿ ಅಪ್ಪಾ" ಅಂತ ಮಗಳು ಸುಮ್ಮನೆ ಕೂತದ್ದನ್ನೇ ಎತ್ತಿಕೊಂಡಳು. ನಾನು ಹನ್ನೆರಡು ಸಾವಿರ ಎಣಿಸಿ ಕೊಟ್ಟೆ. ಅವನು ಒಂದು ಹಳದಿ ಕಾರ್ಡು ಕೊಟ್ಟ. ಅದರಲ್ಲಿ ಎರಡು ತಾರೀಕು, ಎರಡನ್ನೂ ಒಂದೇ ಪೆನ್ನಿನಿಂದ ಒಂದೇ ಸಲಕ್ಕೆ ಬರೆದಂತಿತ್ತು. ಡಾಕ್ಟರ ಸಹಿ ಇಲ್ಲ, ಸೀಲ್ ಇಲ್ಲ. ರಸೀದಿ ಕೇಳಲು ನನಗೇ ಸಂಕೋಚವಾಯಿತು. ಐದು ನಿಮಿಷದಲ್ಲಿ ಎಲ್ಲಾ ಮುಗಿಯಿತು. ಉಳಿದ ಮರಿಯ ಡಬ್ಬಿ ಮುಚ್ಚಿ, ದಾರ ಬಿಗಿದು, ಅವನು ಗದಗ ರಸ್ತೆ ಕಡೆ ಹೋದ.

ಚಿಂಟು ಅಂತ ಹೆಸರಿಟ್ಟೆವು. ಎರಡು ದಿನ ನಿದ್ದೆ ಜಾಸ್ತಿ, ಆಟ ಕಡಿಮೆ. ಹೊಸ ಜಾಗ ಅಂತ ನಾವು ತಿಳಿದೆವು. ಬುಧವಾರ ರಾತ್ರಿ ವಾಂತಿ ಶುರುವಾಯಿತು. ಗುರುವಾರ ಬೆಳಗಾಗುವಷ್ಟರಲ್ಲಿ ರಕ್ತ ಬೇಧಿ. ಆ ವಾಸನೆ ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಮೊದಲು ಹೊಟ್ಟೆ ಮುಟ್ಟಿದರು, ಆಮೇಲೆ ಬಾಯಿ ನೋಡಿದರು. ತೋರುಬೆರಳಿನಿಂದ ತುಟಿ ಎತ್ತಿ ನನಗೂ ತೋರಿಸಿದರು. ಮುಂದೆ ಅಕ್ಕಿಕಾಳಿನಂಥ ಸಣ್ಣ ಹಲ್ಲು, ಪಕ್ಕದಲ್ಲಿ ಸೂಜಿಯಂಥ ಕೋರೆಹಲ್ಲು. ಹಿಂದೆ ಬರೀ ಒಸಡು, ಬೆಳ್ಳಗೆ, ಬೋಳು. "ಎಷ್ಟು ದಿನದ್ದು ಅಂದ್ರು?" ಅಂತ ಕೇಳಿದರು. ಎರಡು ತಿಂಗಳು ಅಂದೆ. "ಸಣ್ಣ ತಳಿಗೆ ಹಲ್ಲು ಒಂಚೂರು ತಡ ಆಗ್ತಾವ, ಖರೆ. ಆದ್ರ ಎರಡು ತಿಂಗಳಿನ ಮರಿ ಬಾಯಿ ಹಿಂಗ ಇರಂಗಿಲ್ಲ. ಐದು ವಾರ ಇದ್ರ ಹೆಚ್ಚು" ಅಂದರು. ಪಟ್ಟಿಯ ಮೇಲೆ ಪರೀಕ್ಷೆ ಮಾಡಿದರು, ಎರಡು ಗೆರೆ ಬಂತು. ಪಾರ್ವೋ, ನಾಯಿಮರಿಗಳ ಕರುಳಿಗೆ ಬಡಿಯುವ ವೈರಸ್ ರೋಗ.

ಪಾರ್ವೋ ಮೈಯೊಳಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಹೊರಬೀಳುತ್ತೆ. ಭಾನುವಾರ ತಂದ ಮರಿಗೆ ಬುಧವಾರ ವಾಂತಿ ಅಂದರೆ ರೋಗ ಬಹುಶಃ ಡಬ್ಬಿಯಲ್ಲೇ ಬಂದಿತ್ತು. ಇನ್ನು ಆ ಕಾರ್ಡಿನ ಮಾತು. ಲಸಿಕೆ ಶುರುವಾಗುವುದೇ ಆರರಿಂದ ಎಂಟು ವಾರಕ್ಕೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದು ಯಾವತ್ತು ಇಳಿಯುತ್ತೆ ಅಂತ ಮರಿ ಮರಿಗೂ ಬೇರೆ. ಅದಕ್ಕೇ ಹದಿನಾರು ವಾರ ಆಗುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗಬೇಕು. ಐದು ವಾರದ ಮರಿಗೆ ಎರಡು ಇಂಜೆಕ್ಷನ್ ಆಗಿದೆ ಅಂದರೆ ಅದು ಸುಳ್ಳು, ಅಷ್ಟೇ.

ಐದು ದಿನ ಸಲೈನ್ ಹಾಕಿಸಿದೆವು. ಮುಂಗಾಲಿಗೆ ಸೂಜಿ ಹಿಡಿದು ಸುತ್ತಿದ್ದ ಪಟ್ಟಿ ಆ ಕಾಲಿಗಿಂತ ದಪ್ಪ ಇತ್ತು. ಮಂಗಳವಾರ ನಸುಕಿನಲ್ಲಿ ಹೋಯಿತು. ಮಾರಿದವನಿಗೆ ಫೋನ್ ಮಾಡಿದೆ. ಮೊದಲ ದಿನ ರಿಂಗ್ ಆಯಿತು, ಎತ್ತಲಿಲ್ಲ. ಎರಡನೇ ದಿನದಿಂದ ಸ್ವಿಚ್ ಆಫ್. ರೊಕ್ಕ ಹೋದದ್ದು ನಾನು ಮರೆತೆ. ಆದರೆ ಡಬ್ಬಿಯ ಗೋಡೆ ಹತ್ತಲು ನೋಡುತ್ತಿದ್ದ ಆ ಇನ್ನೊಂದು ಮರಿ ಯಾರ ಮನೆಗೆ ಹೋಯಿತೋ, ಅವರಿಗೆ ಒಂದು ಮಾತು ತಿಳಿಸೋಣ ಅಂದರೆ ನನ್ನ ಹತ್ತಿರ ಒಂದು ವಿಳಾಸವೂ ಇರಲಿಲ್ಲ. ಅದು ಈಗಲೂ ಚುಚ್ಚುತ್ತೆ.

ಹಾವೇರಿ ದನದ ಪ್ಯಾಟಿಯಲ್ಲಿ ಅಪ್ಪ

ಅಪ್ಪನಿಗೆ ಊರಿಗೆ ಫೋನ್ ಮಾಡಿ ಹೇಳಿದಾಗ ಅವನು ಕೇಳಿದ್ದು ಒಂದೇ. "ತಾಯಿ ಹೆಂಗಿತ್ತು?" ನೋಡಿಲ್ಲ ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ "ತಾಯಿ ನೋಡ್ದ ತಂದೇನು?" ಅಂದ. ಬೈದದ್ದಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ನನಗೆ ಹನ್ನೆರಡು ವರ್ಷ ಇದ್ದಾಗ ಅಪ್ಪನ ಜೊತೆ ಹಾವೇರಿ ಪ್ಯಾಟಿಗೆ ಎಮ್ಮೆ ತರಲು ಹೋಗಿದ್ದೆ. ಮನೆಯಲ್ಲಿದ್ದ ಎಮ್ಮೆ ಗೊಡ್ಡಾಗಿತ್ತು, ಅವ್ವ ಹಾಲಿಗೆ ಪರದಾಡುತ್ತಿದ್ದಳು. ಹೋದ ಕೂಡಲೇ ಒಂದು ಎಮ್ಮೆ ನನಗೆ ಮನಸ್ಸಿಗೆ ಬಂತು. ಮಿರಮಿರ ಮಿಂಚುತ್ತಿತ್ತು, ಕೋಡಿಗೆ ಬಣ್ಣ, ಕೊರಳಿಗೆ ಗಂಟೆ. ಅಪ್ಪ ಅದರ ಹತ್ತಿರವೂ ಹೋಗಲಿಲ್ಲ. "ಎಣ್ಣಿ ಹಚ್ಚ್ಯಾರ" ಅಂದ. ಮೂಲೆಯಲ್ಲಿ ಕಟ್ಟಿದ್ದ, ಸೆಗಣಿ ಮೆತ್ತಿಕೊಂಡ ಒಂದು ಎಮ್ಮೆ ಮುಂದೆ ನಿಂತ. ಬಾಯಿ ತೆಗೆದು ಹಲ್ಲು ನೋಡಿದ. ಹಗ್ಗ ಬಿಚ್ಚಿಸಿ ಹತ್ತು ಹೆಜ್ಜೆ ನಡೆಸಿದ. ಬಿದ್ದ ಸೆಗಣಿ ನೋಡಿದ. ಕೆಳಗೆ ಕೂತು ನಾಲ್ಕೂ ಮೊಲೆಯಿಂದ ಒಂದೊಂದು ಧಾರೆ ಅಂಗೈ ಮೇಲೆ ಕರೆದುಕೊಂಡು, ಆ ಅಂಗೈಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿದ. ಹಾಲು ಒಡೆದು ಗಂಟು ಇದ್ದರೆ ಅಲ್ಲಿ ಕಾಣುತ್ತೆ, ಕೆಚ್ಚಲು ಬಾವು ಇದೆ ಅಂತ ಅರ್ಥ. ಆಮೇಲೆ ಎದ್ದು ನಿಂತು ಕೇಳಿದ: "ಎಷ್ಟನೇ ಸೂಲು?" ಅಂದರೆ ಈದದ್ದು ಎಷ್ಟನೇ ಸಲ ಅಂತ.

ಮಾರುವವನು "ಮೂರನೇದು" ಅಂದ. ಅಪ್ಪ ಅಲ್ಲಿಗೇ ಬಿಡಲಿಲ್ಲ. ಹಿಂದಿನ ಕರು ಎಲ್ಲಿದೆ, ಈ ಎಮ್ಮೆಯ ತಾಯಿ ನಿಮ್ಮ ಮನೆಯದೋ ಕೊಂಡು ತಂದದ್ದೋ, ಯಾಕೆ ಮಾರುತ್ತೀರಿ ಅಂತ ಕೇಳುತ್ತಾ ಹೋದ. ಅವತ್ತು ಖರೀದಿ ಮಾಡಲಿಲ್ಲ. ದಲ್ಲಾಳಿ ಟವೆಲ್ ಕೆಳಗೆ ಅಪ್ಪನ ಬೆರಳು ಹಿಡಿದು ದರ ಹೇಳಿದ, ಅಪ್ಪ ಕೈ ಬಿಡಿಸಿಕೊಂಡ. ಮರುದಿನ ಮಾರುವವನ ಊರಿಗೇ ಹೋದ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ತಾನೇ ಕೂತು ಹಾಲು ಕರೆದ. ಪಕ್ಕದ ಮನೆಯವರನ್ನು ಮಾತಾಡಿಸಿದ. ಮೂರನೇ ದಿನ ಎಮ್ಮೆ ನಮ್ಮ ಮನೆಗೆ ಬಂತು. ಹನ್ನೊಂದು ವರ್ಷ ಇತ್ತು.

ಇದು ಅಪ್ಪನೊಬ್ಬನ ಜಾಣತನ ಅಲ್ಲ. ನಮ್ಮ ಕಡೆ ದನ ಕಟ್ಟಿದ ಎಲ್ಲರಿಗೂ ಗೊತ್ತಿರುವ ರೀತಿ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂತ ದಿನಾ ಹೇಳುವವರು ನಾವು. ಹೋರಿ ಹಬ್ಬಕ್ಕೆ ಬಿಡುವ ಹೋರಿಯ ಅಜ್ಜ ಯಾವ ಊರಿನದು ಅಂತ ಹಾವೇರಿಯ ಹುಡುಗರು ಈಗಲೂ ಹೇಳುತ್ತಾರೆ. ಇಷ್ಟೆಲ್ಲಾ ಗೊತ್ತಿರುವ ಮನೆಯಲ್ಲಿ ಹುಟ್ಟಿದ ನಾನು, ನಾಯಿಮರಿ ಅಂದಕೂಡಲೇ ಅದನ್ನು ಒಂದು ಸಾಮಾನಿನ ಹಾಗೆ ಫೋಟೋ ನೋಡಿ ತರಿಸಿದೆ. ಪಟ್ಟಣಕ್ಕೆ ಬಂದಮೇಲೆ ಹಳೆಯದೆಲ್ಲಾ ಬೇಡ ಅನಿಸುತ್ತೋ ಏನೋ. ಅಥವಾ ಎಮ್ಮೆ ಅಂದರೆ ಹೊಟ್ಟೆಪಾಡು, ನಾಯಿ ಅಂದರೆ ಸುಮ್ನೆ ಆಸೆ ಅಂತ ಇರಬಹುದು. ಆಸೆಗೆ ಯಾರೂ ಹಲ್ಲು ನೋಡುವುದಿಲ್ಲ.

ಮೆಟ್ಟಿಲು ಎಷ್ಟು ಅಂತ ಕೇಳಿದವರು

ಪಾರ್ವೋ ಮನೆಯ ನೆಲದಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಬ್ಲೀಚ್ ನೀರು ಹಾಕಿ ಒರೆಸಿದೆವು, ಚಿಂಟುವಿನ ಹಾಸಿಗೆ ಸುಟ್ಟೆವು, ಒಂದು ವರ್ಷ ಮೇಲೆ ಸುಮ್ಮನಿದ್ದೆವು. ಆಮೇಲೆ ಅದೇ ಡಾಕ್ಟರು ಧಾರವಾಡದ ಒಂದು ನಂಬರ್ ಕೊಟ್ಟರು. ನಿವೃತ್ತ ಶಾಲೆ ಅಕ್ಕಾರು, ಅಂದರೆ ಟೀಚರು. ಮನೆಯಲ್ಲಿ ಎರಡು ಡ್ಯಾಶೌಂಡ್, ಅಷ್ಟೇ.

ಫೋನ್ ಮಾಡಿದರೆ ಅವರು ದರವನ್ನೇ ಹೇಳಲಿಲ್ಲ. ಸಂದರ್ಶನ ಶುರು ಮಾಡಿದರು. ಮುಂಜಾನಿಂದ ಸಂಜಿತನಕ ಮನ್ಯಾಗ ಯಾರಿರ್ತಾರ? ಹೆಂಡತಿ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ ಅಂದೆ. ಮೊದಲ ನಾಯಿ ಏನಾಯ್ತು? ಹೇಳಿದೆ. ಯಾವಾಗ, ನೆಲ ಏನು ಹಾಕಿ ತೊಳೆದಿರಿ, ಅದನ್ನೂ ಕೇಳಿದರು. ಆಮೇಲೆ "ಮನ್ಯಾಗ ಎಷ್ಟು ಮೆಟ್ಟಲ ಅದಾವ್ರಿ ತಮ್ಮಾ?" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಬಾಗಿಲ ಮುಂದೆ ಮೂರು, ಮೇಲೆ ಟೆರೇಸಿಗೆ ಹದಿನಾರು ಅಂದೆ. "ಹದಿನಾರಕ್ಕ ಒಂದು ಗೇಟ್ ಹಾಕಿಸ್ರಿ. ಮಂಚದ ಮ್ಯಾಲಿಂದ ಜಿಗೀಲಿಕ್ಕೆ ಬಿಡಬ್ಯಾಡ್ರಿ. ಇದರ ಬೆನ್ನು ಬಹಳ ನಾಜೂಕು" ಅಂದರು. ಡ್ಯಾಶೌಂಡಿನ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸಣ್ಣ ವಯಸ್ಸಿಗೇ ಒಣಗಿ ಗಟ್ಟಿಯಾಗುತ್ತವೆ, ಒಂದು ದಿನ ಸರಿದು ನರಕ್ಕೆ ಒತ್ತುತ್ತವೆ. ನಾಲ್ಕೋ ಐದೋ ನಾಯಿಗಳಲ್ಲಿ ಒಂದಕ್ಕೆ ಈ ತೊಂದರೆ ಬರುತ್ತೆ, ಕೆಲವಕ್ಕೆ ಹಿಂಗಾಲೇ ಹೋಗುತ್ತವೆ. ಹನ್ನೆರಡು ಸಾವಿರ ತಗೊಂಡವನು ಇದರಲ್ಲಿ ಒಂದಕ್ಷರ ಹೇಳಿರಲಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ.

"ಈಗ ಮರಿ ಇಲ್ಲ. ಮುಂದಿನ ಸಲ ಹೀಟಿಗೆ ಬಂದಾಗ ಕೂಡಸ್ತೀನಿ. ಮೊದಲ ಬಂದು ತಾಯಿನ್ನ ನೋಡ್ರಿ. ಆಮೇಲೆ ಬೇಕೋ ಬ್ಯಾಡೋ ಹೇಳ್ರಿ" ಅಂದರು. ಅಪ್ಪ ಆ ವಾರ ಹುಬ್ಬಳ್ಳಿಗೆ ಬಂದಿದ್ದ. "ನಾಯಿಗೆ ರೊಕ್ಕ ಯಾಕ ಕೊಡ್ತೀರೋ" ಅಂತ ಗೊಣಗುತ್ತಲೇ ಚಿಗರಿ ಬಸ್ ಹತ್ತಿದ.

ಹಳೆಯ ಹಂಚಿನ ಮನೆ. ಗೇಟ್ ತೆಗೆದ ಕೂಡಲೇ ಬೊಗಳುತ್ತಾ ಓಡಿ ಬಂತು ತಾಯಿ ನಾಯಿ ಗೌರಿ, ನಮಗೂ ಅಕ್ಕಾರಿಗೂ ನಡುವೆ ನಿಂತಿತು. ಅಂಜಿ ಮಂಚದ ಕೆಳಗೆ ಹೋಗಲಿಲ್ಲ, ಬಾಲ ಮುದುಡಲಿಲ್ಲ. ಅಕ್ಕಾರು "ಸಾಕು ಗೌರಿ" ಅಂದಮೇಲೆ ಸುಮ್ಮನಾಗಿ ಅಪ್ಪನ ಧೋತರ ಮೂಸಲು ಶುರು ಮಾಡಿತು. ದನದ ವಾಸನೆ ಇತ್ತಲ್ಲ, ಬಿಡಲೇ ಇಲ್ಲ. ಅಪ್ಪ ನಿಧಾನ ಕೆಳಗೆ ಕೂತ. ನಾನು ನೋಡುತ್ತಲೇ ಇದ್ದೆ. ಹಾವೇರಿಯಲ್ಲಿ ನೋಡಿದ ಅದೇ ಕೈ. ಕಿವಿಯ ಒಳಗೆ ನೋಡಿದ, ತುಟಿ ಎತ್ತಿದ, ಮೈಮೇಲಿನ ಕೂದಲನ್ನು ಹಿಂದಕ್ಕೆ ಸವರಿ ಚರ್ಮ ನೋಡಿದ, ಪಾದ ಎತ್ತಿ ಉಗುರು ನೋಡಿದ. ಸಿಮೆಂಟಿನ ಗೂಡಿನಲ್ಲಿ ಹಗಲಿಡೀ ಕೂಡಿಟ್ಟ ನಾಯಿಯ ಉಗುರು ಸವೆಯದೆ ಸುರುಳಿ ಸುತ್ತಿರುತ್ತೆ, ಮೊಣಕೈ ಹತ್ತಿರ ಕೂದಲು ಹೋಗಿ ಚರ್ಮ ಜಡ್ಡುಗಟ್ಟಿರುತ್ತೆ. ಗೌರಿಗೆ ಎರಡೂ ಇರಲಿಲ್ಲ. ಹೊಟ್ಟೆ ಬಿಗಿಯಾಗಿತ್ತು. ಮೇಲಿಂದ ಮೇಲೆ ಹೆತ್ತ ನಾಯಿಯ ಮೊಲೆಗಳು ಜೋತುಬಿದ್ದು ನೆಲಕ್ಕೆ ತಾಗುತ್ತವೆ, ಅದರಲ್ಲೂ ಇಷ್ಟು ಗಿಡ್ಡ ಕಾಲಿನ ನಾಯಿಗೆ. ಅಪ್ಪ ಎದ್ದ. ಕೈ ಒರೆಸಿಕೊಂಡ.

"ಎಷ್ಟನೇ ಸೂಲ್ರಿ ಅಕ್ಕಾರ?"

"ಆಗಿದ್ದು ಒಂದ. ಬರೋದು ಎರಡನೇದು ಯಜಮಾನ್ರ. ಅದ ಕಡೀದು" ಅಂದರು. ಒಳಗೆ ಹೋಗಿ ಒಂದು ಹಳೆಯ ಡೈರಿ ತಂದು ನನ್ನ ಕೈಗೆ ಕೊಟ್ಟರು. ಮೊದಲ ಸೂಲಿನ ಲೆಕ್ಕ. ಐದು ಮರಿ, ಪ್ರತಿ ಮರಿಗೂ ಒಂದೊಂದು ಬಣ್ಣದ ದಾರ, ಪ್ರತಿ ಮುಂಜಾನೆಯ ತೂಕ ಗ್ರಾಮಿನಲ್ಲಿ. ಹುಟ್ಟಿದ ದಿನ ಇನ್ನೂರರ ಆಸುಪಾಸು, ಒಂಬತ್ತನೇ ದಿನಕ್ಕೆ ಅದರ ಎರಡರಷ್ಟು. ಜಂತಿನ ಔಷಧ ಕೊಟ್ಟ ದಿನ, ಕಣ್ಣು ಬಿಟ್ಟ ದಿನ. ಶಾಲೆಯ ಹಾಜರಿ ಪುಸ್ತಕದ ಅಕ್ಷರ. ಹಸಿರು ದಾರದ ಮರಿಯ ಸಾಲಿನಲ್ಲಿ ತೂಕ 190, 184, 171 ಅಂತ ಇಳಿಯುತ್ತಾ ಹೋಗಿ, ನಾಲ್ಕನೇ ದಿನದ ಎದುರಿಗೆ ಕೆಂಪು ಪೆನ್ನಿನಲ್ಲಿ "ರಾತ್ರಿ ಬಾಟಲಿ ಹಾಲು ಹಾಕಿದೆ. ನಸುಕಿನಲ್ಲಿ ತೀರಿತು" ಅಂತ ಇತ್ತು. ನನಗೆ ಆ ಸಾಲೇ ಸಾಕಾಯಿತು. ಸತ್ತ ಮರಿಯ ತೂಕವನ್ನೂ ಬರೆದಿಟ್ಟವರು ಸುಳ್ಳು ಕಾರ್ಡು ಬರೆದು ಕೊಡುವುದಿಲ್ಲ. ಗೌರಿಯ ಅಣ್ಣನಿಗೆ ಐದು ವರ್ಷಕ್ಕೆ ಬೆನ್ನು ಹಿಡಿದದ್ದನ್ನೂ ಅವರೇ ಹೇಳಿದರು, ನಾವು ಕೇಳಿರಲಿಲ್ಲ. ಅದಕ್ಕೇ ಈ ಸಲ ಏಳು ವರ್ಷ ದಾಟಿದರೂ ಬೆನ್ನು ಗಟ್ಟಿ ಇರುವ ಗಂಡು ಹುಡುಕಿದ್ದೇನೆ, ಆದರೂ ನಿಮ್ಮ ಮರಿಗೆ ಬರುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ ಅಂದರು.

ಮರಿ ಸಿಗಲು ಏಳು ತಿಂಗಳು ಹಿಡಿಯಿತು. ನಡುವೆ ಎರಡು ಸಲ ನೋಡಲು ಹೋದೆವು. ಚಪ್ಪಲಿ ಗೇಟಿನ ಹೊರಗೇ, ಕೈಕಾಲು ತೊಳೆದ ಮೇಲೇ ಒಳಗೆ. ಪಾರ್ವೋ ಚಪ್ಪಲಿಗೆ ಅಂಟಿಕೊಂಡು ಬರುತ್ತೆ ಅಂತ ನನಗೆ ಅವರು ಹೇಳಬೇಕಾಗಿರಲಿಲ್ಲ. ಒಂಬತ್ತು ವಾರ ತುಂಬಿದ ಮೇಲೆ ಕೊಟ್ಟರು. ಜೊತೆಗೆ ನಾಲ್ಕು ದಿನದ ಊಟ, ರಸೀದಿ, ಮತ್ತೆ ಗೌರಿ ಮಲಗುತ್ತಿದ್ದ ಚಾದರದ ಒಂದು ತುಂಡು, ರಾತ್ರಿ ಮರಿ ಅತ್ತರೆ ಪಕ್ಕದಲ್ಲಿ ಇಡಲು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಯಾವ ಕಾರಣಕ್ಕಾದರೂ ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡಬಾರದು, ತಮಗೇ ತಂದು ಬಿಡಬೇಕು. ಮಗಳು ಬೆಲ್ಲ ಅಂತ ಹೆಸರಿಟ್ಟಳು. ಈಗ ನಾಲ್ಕು ವರ್ಷ ಆಗಿದೆ, ನಾನು ಇದನ್ನು ಬರೆಯುವಾಗ ಪಾದದ ಮೇಲೆ ಗದ್ದ ಇಟ್ಟು ಮಲಗಿದೆ.

ಕಾಗದದ ಮಾತು

ಗೆಳೆಯ ಎರಡನೇ ದಿನ ಇನ್ನೊಂದು ಮಾತು ಹೇಳಿದ. "ಅವರ ಕಡೆ ಕೆಸಿಐ ಪೇಪರ್ ಐತಂತ. ಮತ್ತೇನು ಬೇಕು?" ಕೆಸಿಐ ಅಂದರೆ ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ. ಅದರ ಪತ್ರ ಮರಿಯ ತಂದೆ ತಾಯಿ ಯಾರು ಅಂತ ಹೇಳುತ್ತೆ. ಆ ತಾಯಿಯನ್ನು ಹೇಗೆ ಇಟ್ಟಿದ್ದಾರೆ ಅಂತ ಹೇಳುವುದಿಲ್ಲ. ಪತ್ರ ಇದ್ದರೆ ಒಳ್ಳೆಯದೇ, ಅದರಲ್ಲಿರುವ ಮೈಕ್ರೋಚಿಪ್ ನಂಬರನ್ನು ಮರಿಯ ಮೈಮೇಲೆ ರೀಡರ್ ಹಿಡಿಸಿ ತಾಳೆ ನೋಡಬೇಕು, ಅಷ್ಟು ಮಾಡಿದರೆ ಬೇರೆ ಮರಿಯ ಪತ್ರ ನಮ್ಮ ಕೈಗೆ ಬರುವುದಿಲ್ಲ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಮೇಲಿನ ಲೇಬಲ್ ಕಿತ್ತು ಅಂಟಿಸಿರಬೇಕು, ಬ್ಯಾಚ್ ನಂಬರ್ ಕಾಣಬೇಕು, ಡಾಕ್ಟರ ಸಹಿ ಸೀಲ್ ಇರಬೇಕು. ಸೀಲಿನಲ್ಲಿರುವ ಡಾಕ್ಟರಿಗೆ ಒಂದು ಫೋನ್ ಮಾಡಿದರೆ ಎರಡು ನಿಮಿಷದ ಕೆಲಸ.

ಕಾನೂನೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟಕ್ಕೆ ನಿಯಮ ತಂದಿದೆ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ಆಗುವ ಮೊದಲು ಕೂಡಿಸುವಂತಿಲ್ಲ, ಎಂಟು ವರ್ಷದ ಮೇಲೂ ಇಲ್ಲ. ವರ್ಷಕ್ಕೆ ಒಂದೇ ಸೂಲು. ಇಡೀ ಜೀವಮಾನಕ್ಕೆ ಐದು. ಇದನ್ನು ಮೊದಲ ಸಲ ಓದಿದಾಗ ನನಗೆ ಅಪ್ಪನೇ ನೆನಪಾದ. ಕಾನೂನು ಬರೆದವರೂ ಕೊನೆಗೆ ಅವನ ಪ್ರಶ್ನೆಗೇ ಬಂದು ನಿಂತಿದ್ದಾರೆ.

ಸಣ್ಣ ತಳಿಯಲ್ಲಿ ಈ ಪ್ರಶ್ನೆ ಯಾಕೆ ಇನ್ನೂ ಜಾಸ್ತಿ ಮುಖ್ಯ ಅಂದರೆ, ಲ್ಯಾಬ್ರಡಾರ್ ಒಂದು ಸಲಕ್ಕೆ ಏಳೆಂಟು ಮರಿ ಹಾಕುತ್ತೆ, ಪಗ್ಗೋ ಪಮೇರಿಯನ್ನೋ ಮೂರು ನಾಲ್ಕು. ಮರಿ ಕಡಿಮೆ, ಬೇಡಿಕೆ ಜಾಸ್ತಿ. ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಹೀಟಿಗೆ ಬರುತ್ತೆ. ದುಡ್ಡಿನ ಮೇಲೆ ಕಣ್ಣಿಟ್ಟವನು ಒಂದು ಹೀಟನ್ನೂ ಬಿಡುವುದಿಲ್ಲ. ಪಗ್ ಅಂತೂ ಇನ್ನೂ ಪಾಪ. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಸಣ್ಣದು, ಎಷ್ಟೋ ಸಲ ಹೊಟ್ಟೆ ಕೊಯ್ದೇ ತೆಗೆಯಬೇಕು. ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ಬಂದಮೇಲೆ, 2003ರಿಂದ ಈಚೆ, ಊರೂರಿಗೂ ಅದೇ ಬೇಕಾಯಿತು. ಎಷ್ಟು ತಾಯಂದಿರ ಹೊಟ್ಟೆ ಎಷ್ಟು ಸಲ ಕೊಯ್ದರೋ. ಅದಕ್ಕೇ ಗೆಳೆಯನಿಗೆ ಹೇಳಿದೆ, ಮರಿ ಹುಟ್ಟಿದ್ದು ಸಹಜವಾಗಿಯೋ ಆಪರೇಷನ್ನೋ ಕೇಳು. ತಾಯಿ ಮಲಗಿದಾಗ ಉಸಿರು ಹೇಗೆ ಬರುತ್ತೆ ಕಿವಿಗೊಟ್ಟು ಕೇಳು. ಮೂಗಿನ ಹೊಳ್ಳೆ ತೆರೆದಿದೆಯೋ ಬರೀ ಗೆರೆಯ ಹಾಗೆ ಇದೆಯೋ ನೋಡು. ತಾಯಿ ಗೊರಗೊರ ಅಂದರೆ ಮಗಳೂ ಅಂದಾಳು.

ಇನ್ನೊಂದು, "ಟೀಕಪ್" ಅಂತ ಹೇಳಿ ಮಾರುವವರು. ಟೀಕಪ್ ಅನ್ನುವ ತಳಿಯೇ ಇಲ್ಲ. ಬೆಳೆಯದೆ ಉಳಿದ ಮರಿಯನ್ನೋ, ನಾಲ್ಕೈದು ವಾರದ ಮರಿಯನ್ನೋ ಆ ಹೆಸರಿನಲ್ಲಿ ಎರಡರಷ್ಟು ದರಕ್ಕೆ ಕೊಡುತ್ತಾರೆ. ಅಷ್ಟು ಸಣ್ಣ ಮೈಯಲ್ಲಿ ಸಕ್ಕರೆಯ ದಾಸ್ತಾನೇ ಇರುವುದಿಲ್ಲ. ಒಂದು ಹೊತ್ತಿನ ಊಟ ತಪ್ಪಿದರೂ ನಡುಗಿ, ತೂಗಾಡಿ ಬೀಳಬಹುದು. ಒಸಡಿಗೆ ಜೇನುತುಪ್ಪ ಸವರಿ ಆಸ್ಪತ್ರೆಗೆ ಓಡಬೇಕು. "ಅಪರೂಪದ ಬಣ್ಣ" ಅನ್ನುವುದೂ ಹಾಗೇ. ಡ್ಯಾಶೌಂಡಿನಲ್ಲಿ ಚುಕ್ಕೆ ಚುಕ್ಕೆಯ ಡ್ಯಾಪಲ್ ಬಣ್ಣಕ್ಕೆ ದರ ಜಾಸ್ತಿ ಅಂತ ಎರಡು ಡ್ಯಾಪಲ್ ಕೂಡಿಸುತ್ತಾರೆ. ಹಾಗೆ ಹುಟ್ಟಿದ ಮರಿಗಳಲ್ಲಿ ಕೆಲವು ಕುರುಡು, ಕೆಲವು ಕಿವುಡು. ಗೊತ್ತಿದ್ದೂ ಮಾಡುವವರ ಮೇಲೆ ನನಗೆ ಕನಿಕರ ಇಲ್ಲ.

ಆದರೆ ಕಾಗದ ಇಲ್ಲದವರೆಲ್ಲಾ ಕೆಟ್ಟವರು ಅಂತ ನಾನು ಹೇಳಲಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಬಿಳಿ ಪಮೇರಿಯನ್ ಇರುತ್ತೆ, ಖರೆ ಹೇಳಬೇಕಂದರೆ ಅದರಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಮನೆಯ ಮಗುವಿನ ಹಾಗೆ ಸಾಕಿರುತ್ತಾರೆ, ಒಮ್ಮೆ ಮರಿ ಹಾಕಿಸಿ ಗೊತ್ತಿದ್ದವರಿಗೆ ಕೊಡುತ್ತಾರೆ. ಅಂಥ ಮನೆಯ ಅಡುಗೆ ಕೋಣೆಯಲ್ಲಿ ಬೆಳೆದ ಮರಿ, ಮೂವತ್ತು ಗೂಡು ಕಟ್ಟಿ ಗೋಡೆ ತುಂಬ ಸರ್ಟಿಫಿಕೇಟ್ ತೂಗುಹಾಕಿದ ಜಾಗದ ಮರಿಗಿಂತ ಎಷ್ಟೋ ಮೇಲು. ಕುಕ್ಕರ್ ಸೀಟಿ, ಮಿಕ್ಸರ್ ಸದ್ದು, ಮಕ್ಕಳ ಗಲಾಟೆ ಎಲ್ಲಾ ಕೇಳಿಯೇ ಬೆಳೆದಿರುತ್ತೆ. ಹಾಗೆಯೇ, ದುಡ್ಡು ಕೊಟ್ಟು ತಳಿ ನಾಯಿ ತರುವುದೇ ಯಾಕೆ, ಬೀದಿಯಲ್ಲಿ ಇಲ್ಲವಾ ಅಂತ ಕೇಳುವವರ ಮಾತೂ ನನಗೆ ಸರಿಯೇ ಅನಿಸುತ್ತೆ. ನಮ್ಮ ಓಣಿಯ ಕರಿಯನಷ್ಟು ಗಟ್ಟಿ ನಾಯಿ ಯಾವ ಬ್ರೀಡರ್ ಹತ್ತಿರವೂ ಸಿಗಲಿಕ್ಕಿಲ್ಲ. ಗೆಳೆಯನಿಗೆ ಅದನ್ನೂ ಹೇಳಿದೆ. ಅವನ ತಾಯಿಗೆ ಪಗ್ಗೇ ಬೇಕಂತೆ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರಂತೆ. ಇರಲಿ. ತರುವುದಾದರೆ ನೋಡಿ ತರಲಿ.

ನಿನ್ನೆ ಸಂಜೆ ಅವನು ಬೆಟಗೇರಿಯವರಿಗೆ ನನ್ನ ಮುಂದೆಯೇ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ. ತಾಯಿ ನೋಡಬಹುದೇನ್ರಿ ಅಂತ ಕೇಳಿದ. ಹೆಂಗಸಿನ ದನಿ, ಹಿಂದೆ ಕುಕ್ಕರ್ ಸೀಟಿ. "ನೋಡ್ಬಹುದಲ್ರಿ, ಮನ್ಯಾಗ ಐತಿ, ಬರ್ರಿ" ಅಂದರು. ಅವನು ನನ್ನ ಕಡೆ ನೋಡಿದ, ಗಂಟಲು ಸರಿ ಮಾಡಿಕೊಂಡು ಕೇಳಿದ, "ಎಷ್ಟನೇ ಸೂಲ್ರಿ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಏನಂದ್ರಿ?" ಅಂದರು. ಅವನು ಮತ್ತೆ ಕೇಳಿದ. "ಬರ್ರಿ, ಬಂದಾಗ ಹೇಳ್ತೀನಿ" ಅಂದರು.

ಶನಿವಾರ ಮುಂಜಾನೆ ಗದಗ ಬಸ್ಸಿಗೆ ಹೋಗುತ್ತಿದ್ದೇವೆ. ಅಪ್ಪನೂ ಬರ್ತೀನಿ ಅಂದಿದ್ದಾನೆ.